ತಾರೀಕಿಲ್ಲದವಳು

ಡೋರಕ ಭಾನುವಾರದ ಉದ್ದಂಗಿ ತೊಟ್ಟು, ಬರಿಗೈಯಲ್ಲಿ, ತಲೆ ತಗ್ಗಿಸಿಕೊಂಡು ಗುಡ್ಡದ ದಾರಿ ಹತ್ತುತ್ತಿದ್ದುದನ್ನು ಅಂಗಳದಿಂದ ಕಂಡ ಕೆಬಿರುಂಗಿಗೆ ಅವಳು ಎಲ್ಲಿಗೆ ಹೊರಟಿದ್ದಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಕೈಯಲ್ಲಿ ಬುಟ್ಟಿಯಿದ್ದರೆ ಸಂತೆಗೆ, ಗುದ್ದಲಿಯಿದ್ದರೆ ಹೊಲಕ್ಕೆ, ಬೈಬಲಿದ್ದರೆ ಕೂಟಕ್ಕೆ. ಗುರುವಾರ ಬೆಳಿಗ್ಗೆ ಭಾನುವಾರದ ಬಟ್ಟೆಯಲ್ಲಿ ಬರಿಗೈಯಲ್ಲಿ ಹೋಗುವ ಹೆಂಗಸು ಯಾರದೋ ಬಾಗಿಲಿಗೆ ಕ್ಷಮೆ ಕೇಳಲು ಹೋಗುವವಳೇ. ಆ ದಾರಿಯ ತುದಿಗಿದ್ದದ್ದು ಒಂದೇ ಮನೆ, ಪೆರೆಸಿಯದು. ಹಾಗಾದರೆ ಇವಳು ಏಳನೆಯವಳು ಎಂದುಕೊಂಡ ಕೆಬಿರುಂಗಿ ಹಾಲು ಕರೆಯುವ ಮರದ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಉಜ್ಜತೊಡಗಿದಳು. ರಕ್ಷಣೆ ಹೊಂದಿದವರ ಕೂಟದಲ್ಲಿ ಇದು ಹಿರಿಯರ ಕಾಲದಿಂದ ಬಂದ ಕ್ರಮ. ಒಬ್ಬರ ಮೇಲೆ ಸಿಟ್ಟೋ ಹೊಟ್ಟೆಕಿಚ್ಚೋ ಇಟ್ಟುಕೊಂಡಿದ್ದರೆ ದೇವರಿಗೆ ಹೇಳಿಕೊಂಡು ಮುಗಿಸುವ ಹಾಗಿಲ್ಲ. ಆ ಮನುಷ್ಯನ ಬಾಗಿಲಿಗೇ ಹೋಗಿ, ಮುಖ ನೋಡಿ, ನಿನ್ನ ಬಗ್ಗೆ ಹೀಗೆ ಅಂದುಕೊಂಡಿದ್ದೆ, ಕ್ಷಮಿಸು ಎನ್ನಬೇಕು. ಅದಕ್ಕೆ ಬೆಳಕಿಗೆ ತರುವುದು ಎನ್ನುತ್ತಾರೆ. ಹೇಳಿದವರು ಹಗುರಾಗಿ ಹೊರಟುಹೋಗುತ್ತಾರೆ. ಅಲ್ಲಿಯವರೆಗೆ ತಮ್ಮನ್ನು ಯಾರೂ ದ್ವೇಷಿಸುತ್ತಿಲ್ಲವೆಂದು ನೆಮ್ಮದಿಯಾಗಿದ್ದ ಮನೆಯವರು ಹೊಸ್ತಿಲಲ್ಲಿ ನಿಂತಿರುತ್ತಾರೆ. "ಅವರ ಮನೆ ಗುಡಿಸಿ ಕಸ ನಮ್ಮ ಬಾಗಿಲಿಗೆ ಹಾಕಿ ಹೋಗ್ತಾರೆ. ರಕ್ಷಣೆ ಗಿಕ್ಷಣೆ ಇಲ್ಲದ್ದಕ್ಕೇ ನನಗೆ ಒಳ್ಳೇ ನಿದ್ದೆ ಬರೋದು," ಎಂದು ಕೆಬಿರುಂಗಿಯ ಗಂಡ ಬೆನೊನಿ ಹಸುಗಳ ಹಿಂದೆ ಹೋಗುತ್ತ ನಗುತ್ತಿದ್ದ. ಆದರೆ ಕೆಬಿರುಂಗಿಯ ಬಾಗಿಲಿಗೆ ಆ ಕಸವೂ ಬಂದಿರಲಿಲ್ಲ. ಅವಳು ಕೂಟಕ್ಕೆ ಸೇರಿದ ಮೇಲಿನ ಇಪ್ಪತ್ತೊಂದು ವರ್ಷದಲ್ಲಿ ಒಬ್ಬಳೂ ಬಂದು, ಕೆಬಿರುಂಗಿ, ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು ಎಂದಿರಲಿಲ್ಲ. ಒಮ್ಮೆ ಮಾತ್ರ, ಹೋದ ಮಳೆಗಾಲದಲ್ಲಿ, ಆಚೆ ಗುಡ್ಡದ ಹೆಂಗಸೊಬ್ಬಳು ಬರಿಗೈಯಲ್ಲಿ ಅಂಗಳಕ್ಕೆ ಬಂದು ನಿಂತಾಗ ಅವಳು ಕುಳಿತುಕೊಳ್ಳಲು ಇವಳು ಮಣೆಯನ್ನೂ ಎಳೆದು ಹಾಕಿದ್ದಳು. ಅವಳು ಕೇಳಿದ್ದು, ನಮ್ಮ ಹೋರಿ ಏನಾದರೂ ಈ ಕಡೆ ಬಂತಾ ಎಂದು.

"ಏನೇ, ಆ ಪಾತ್ರೇನ ತೂತು ಮಾಡ್ತೀಯಾ ಹೇಗೆ?" ಎಂದರು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದ ಅತ್ತೆ. ಎಂಬತ್ತು ದಾಟಿದ ಮುದುಕಿಗೆ ಕಣ್ಣು ಮಂಜಾಗಿದ್ದರೂ ಯಾರ ಮುಖದಲ್ಲಿ ಏನಿದೆ ಎಂಬುದು ಮಾತ್ರ ಕಾಣುತ್ತಿತ್ತು. "ಡೋರಕ ತಾನೇ ಹೋದದ್ದು? ಪೆರೆಸಿ ಮನೆ ಹೊಸ್ತಿಲು ಸವೆದು ಹೋಯ್ತು ಬಿಡು." ಡೋರಕಳಿಗಾದರೂ ಹೋಗಿ ಹೇಳುವ ಧೈರ್ಯ ಬಂತಲ್ಲ ಎಂದು ಈಗ ಕೆಬಿರುಂಗಿಗೆ ಡೋರಕಳ ಮೇಲೂ ಹೊಟ್ಟೆ ಉರಿಯಿತು. ಪಾತ್ರೆಯನ್ನು ಅಡುಗೆಮನೆಗೆ ಒಯ್ದು ಬೋರಲು ಹಾಕಿ, ಹಾಲು ಕೆಡದಂತೆ ಅದಕ್ಕೆ ಹೊಗೆ ಹಿಡಿಸುವ ಹುಲ್ಲಿಗೆ ಕೆಂಡ ಹಚ್ಚುತ್ತ ಅಭ್ಯಾಸದಿಂದ ಪ್ರಾರ್ಥನೆ ಶುರುಮಾಡಿದಳು, ಕರ್ತನೇ, ನನ್ನ ಹೃದಯವನ್ನು ತೊಳೆ ಎಂದು. ಅದು ಹೊಗೆಯ ಜೊತೆ ಮೇಲೆದ್ದು ಸೂರಿನ ತಗಡಿಗೆ ಬಡಿದು ಅಲ್ಲೇ ನಿಂತಿತು. ಯಾವಾಗಲೂ ಹಾಗೆಯೇ. ಮೊದಲು ಕೆಲವು ವರ್ಷ ತಾನೇ ಸರಿಯಾಗಿ ಪ್ರಾರ್ಥಿಸುತ್ತಿಲ್ಲವೆಂದುಕೊಂಡಳು. ಆಮೇಲೆ ಮೊಣಕಾಲಲ್ಲಿ ಕೂತಳು, ಉಪವಾಸ ಮಾಡಿದಳು, ಕೂಟದ ಉಳಿದ ಹೆಂಗಸರ ಹಾಗೆ ಕೂದಲನ್ನು ಬುಡಮಟ್ಟ ಕತ್ತರಿಸಿಕೊಂಡಳು. ತಗಡು ತಗಡಾಗಿಯೇ ಉಳಿಯಿತು. ನಡುವೆ ಎರಡು ವರ್ಷ, ಮಗ ಶಾಲೆಗೆ ಸೇರಿದ ಕಾಲದಲ್ಲಿ, ಆ ಕಡೆ ಯಾರೂ ಇಲ್ಲ ಎಂದೇ ತೀರ್ಮಾನಿಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡು ಮರುದಿನದ ಅಡುಗೆಯ ಲೆಕ್ಕ ಹಾಕುತ್ತಿದ್ದಳು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದೇ ಹೋದದ್ದು ಕೂಡ ಅವಳಿಗೊಂದು ಅವಮಾನವೇ ಆಯಿತು.

ಮಂಗಳವಾರದ ಕೂಟದಲ್ಲಿ ಸರದಿ ಬಂದಾಗ ಮಾತ್ರ ಎಲ್ಲರಂತೆ ಎದ್ದು ನಿಂತು, ನಾನು ಕೆಬಿರುಂಗಿ, ಯೇಸು ನನ್ನನ್ನು ರಕ್ಷಿಸಿದ್ದು ತೊಂಬತ್ತೊಂದನೇ ಇಸವಿ ಆಗಸ್ಟ್ ಒಂಬತ್ತನೇ ತಾರೀಕು, ಎನ್ನುತ್ತಿದ್ದಳು. ಎಲ್ಲರಿಗೂ ಒಂದು ತಾರೀಕಿತ್ತು. ಹುಟ್ಟಿದ ದಿನ ಗೊತ್ತಿಲ್ಲದ ಮುದುಕರಿಗೂ ಅದು ಗೊತ್ತಿತ್ತು. ತನ್ನ ತಾರೀಕು ಸುಳ್ಳೆಂಬುದು ಕೆಬಿರುಂಗಿಗೆ ಮಾತ್ರ ಗೊತ್ತಿತ್ತು. ಆ ಆಗಸ್ಟಿನಲ್ಲಿ ಮಹಾಕೂಟಕ್ಕೆ ಬಯಲಿನಲ್ಲಿ ದೊಡ್ಡ ಡೇರೆ ಹಾಕಿದ್ದರು. ಮದುವೆಯಾಗಿ ಎರಡು ವರ್ಷವಾಗಿದ್ದ ಅವಳು ಅತ್ತೆಯ ಪಕ್ಕದಲ್ಲಿ ಕುಳಿತಿದ್ದಳು. ಅವರ ಸಾಲಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಅತ್ತು ಸಾಕ್ಷಿ ಹೇಳಿ ಮುಗಿಸಿದ್ದರು, ಇವಳೊಬ್ಬಳು ಉಳಿದಿದ್ದಳು. ಅತ್ತೆ ತೊಡೆ ಚಿವುಟಿದರು. ಎದ್ದಳು. ಇವತ್ತು ಯೇಸು ನನ್ನನ್ನು ರಕ್ಷಿಸಿದ ಎಂದಳು, ಎಲ್ಲರೂ ಹಾಗೇ ಅಂದಿದ್ದರಿಂದ. ಆಮೇಲೆ ಒಂದು ಪಾಪವನ್ನಾದರೂ ಹೇಳಬೇಕಲ್ಲ. ಏನೂ ತೋಚದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: ಅತ್ತೆಯ ಬೆಣ್ಣೆ ಕಡೆಯುವ ಸೋರೆಬುರುಡೆ ಒಡೆದದ್ದು ನಾನು, ದನ ಕಾಯುವವನ ಮಗಳು ನ್ಯಾಕಾಟೊ ಮೇಲೆ ಹಾಕಿದೆ, ಅವಳಿಗೆ ಏಟು ಬಿತ್ತು, ನಾನು ನೋಡ್ತಾ ನಿಂತಿದ್ದೆ. ಡೇರೆಯೆಲ್ಲ ನಕ್ಕಿತು. ಅವಳಿಗಿಂತ ಮುಂಚಿನವನು ಅಣ್ಣನ ಹೆಂಡತಿಯ ಸಂಗತಿ ಹೇಳಿದ್ದ, ಅದಕ್ಕೂ ಮುಂಚಿನವಳು ಕದ್ದ ಹಸುವಿನದು. ಇವಳದು ಬುರುಡೆ. ನಕ್ಕ ಮೇಲೆ ಕ್ರಮದಂತೆ ಸ್ತುತಿಯ ಪಲ್ಲವಿ ಹಾಡಿದರು, ಪ್ರತಿ ಸಾಕ್ಷಿಗೂ ಹಾಡುವಂತೆ. ಅತ್ತೆ ಆ ದಿನ ಮನೆಯವರೆಗೂ ಮಾತಾಡಲಿಲ್ಲ. ಅಂದಿನಿಂದ ಕೆಬಿರುಂಗಿ ತಾರೀಕನ್ನು ಉಳಿಸಿಕೊಂಡಳು, ಬುರುಡೆಯನ್ನು ಬಿಟ್ಟುಬಿಟ್ಟಳು.

ಪೆರೆಸಿಯ ತಾರೀಕೂ ಅದೇ ಆಗಿತ್ತಲ್ಲ, ಅದನ್ನೇ ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಅದೇ ಡೇರೆ, ಅದೇ ಮಧ್ಯಾಹ್ನ. ಹೊಸದಾಗಿ ಈ ಗುಡ್ಡಕ್ಕೆ ಸೊಸೆಯಾಗಿ ಬಂದಿದ್ದ ಹತ್ತೊಂಬತ್ತರ ಹುಡುಗಿ ಪೆರೆಸಿ ತಮಾಷೆ ನೋಡಲು ಬಂದು ಡೇರೆಯ ಅಂಚಿನಲ್ಲಿ ಕುಳಿತಿದ್ದಳಂತೆ. ಪ್ರತಿ ಸಲವೂ ಸಾಕ್ಷಿಯಲ್ಲಿ ಅದನ್ನೇ ಹೇಳುತ್ತಿದ್ದಳು: "ಅಸೂಯೆಯಿಂದ ನಾನು ಸುಳ್ಳು ಹೇಳಿ ನನ್ನ ತಂಗಿಯ ಮದುವೆ ತಪ್ಪಿಸಿದ್ದೆ. ಅದನ್ನು ಹೊಟ್ಟೇಲಿ ಇಟ್ಕೊಂಡು ಕೂತಿದ್ದೆ. ಆವಾಗ ಒಬ್ಬ ತಾಯಿ ಎದ್ದು ಮಾತಾಡಿದ್ರು. ಆ ಮಾತು ಚೂರಿ ಹಾಗೆ ನನ್ನೊಳಗೆ ಹೋಯ್ತು." ಆ ತಾಯಿ ಯಾರೆಂದು ಹೇಳುತ್ತಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಮಹಿಮೆ ದೇವರೊಬ್ಬನಿಗೆ ಸಲ್ಲಬೇಕೆಂದು ಕೂಟದಲ್ಲಿ ಮನುಷ್ಯರ ಹೆಸರೆತ್ತುವುದಿಲ್ಲ. ಹೆಸರೆತ್ತದಿದ್ದರೂ ಗುಡ್ಡಕ್ಕೆಲ್ಲ ಗೊತ್ತಿತ್ತು, ಅದು ದೊಡ್ಡ ಪಾದ್ರಿಗಳ ಹೆಂಡತಿ ಎಸ್ತೇರಿಯಮ್ಮನೆಂದು. ಈಗ ತೀರಿಹೋಗಿರುವ ಆಕೆ ಆ ದಿನ ಬಹಳ ಹೊತ್ತು ಮಾತಾಡಿದ್ದರು. ಕೆಬಿರುಂಗಿಗೆ ಸತ್ತ ಎಸ್ತೇರಿಯಮ್ಮನ ಮೇಲೂ ಹೊಟ್ಟೆಕಿಚ್ಚಿತ್ತು. ತಾನೂ ಅದೇ ಡೇರೆಯಲ್ಲಿ ಅದೇ ಮಾತನ್ನು ಕೇಳಿದ್ದಳು, ಆ ಚೂರಿ ತನ್ನನ್ನು ಬಿಟ್ಟು ಹಿಂದಿನ ಸಾಲಿಗೆ ಯಾಕೆ ಹೋಯಿತು? ಪೆರೆಸಿ ಮಾತು ಮುಗಿಸುವುದೇ ತಡ, ಹಾಡು ತಾನಾಗಿ ಎದ್ದುಬಿಡುತ್ತಿತ್ತು, ಮುದುಕರೂ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು. ಕೆಬಿರುಂಗಿ ಮುಗಿಸಿದಾಗ ಹಿರಿಯರಾದ ಯೊಕಾನ ಗಂಟಲು ಸರಿಮಾಡಿಕೊಂಡು ಎತ್ತಿಕೊಡಬೇಕಾಗುತ್ತಿತ್ತು. ಹಾಡು ಅದೇ, ಬಾಯಿಗಳು ಅವೇ. ಆದರೂ ಎಲ್ಲಿ ಒಳಗಿನಿಂದ ಬಂತು, ಎಲ್ಲಿ ಕೊಡಬೇಕಲ್ಲ ಎಂದು ಕೊಟ್ಟರು ಎಂಬುದು ಅವಳ ಕಿವಿಗೆ ಗೊತ್ತಾಗುತ್ತಿತ್ತು.

ಡೋರಕ ಹೋದ ಮರುದಿನ ಮಧ್ಯಾಹ್ನ ಅವಳೂ ಭಾನುವಾರದ ಅಂಗಿ ತೊಟ್ಟಳು. ಬರಿಗೈಯಲ್ಲಿ ಹೋದರೆ ದಾರಿಯವರಿಗೆಲ್ಲ ಗೊತ್ತಾಗುತ್ತದೆಂದು ಒಂದು ಬುಟ್ಟಿ ಹಿಡಿದಳು, ಬುಟ್ಟಿ ಹಿಡಿದದ್ದು ಮೋಸವೆನಿಸಿ ಬೇಲಿಯ ಹತ್ತಿರ ಇಟ್ಟಳು. ಪೆರೆಸಿ ತನ್ನ ಮನೆಯ ಬಾಗಿಲಿಗೆ ಮುಖ ಮಾಡಿ ಚಾಪೆಯ ಮೇಲೆ ಕುಳಿತು ತೊಡೆಯ ಮೇಲೆ ಸೋರೆಬುರುಡೆ ಇಟ್ಟುಕೊಂಡು ಮೊಸರು ಕಡೆಯುತ್ತಿದ್ದಳು. ಆಚೆ ಈಚೆ ತೂಗಿದಂತೆ ಬುರುಡೆಯೊಳಗೆ ಮೊಸರು ತೊಯ್ದಾಡುವ ಸದ್ದು ಒಂದೇ ಸಮನೆ ಬರುತ್ತಿತ್ತು.

"ಬಾ ಅಕ್ಕ, ಒಳಗೆ ಬಾ. ಅಲ್ಲೇ ನಿಂತ್ರೆ ನನಗೆ ಬೆಳಕೇ ಇಲ್ಲ."

"ಕೂರೋಕೆ ಬಂದಿಲ್ಲ ಪೆರೆಸಿ. ನಿನ್ನ ಹತ್ರ ಒಂದು ಮಾತು ಬೆಳಕಿಗೆ ತರಬೇಕಿತ್ತು."

"ಹೇಳು." ಬುರುಡೆ ತೂಗುವುದು ನಿಲ್ಲಲಿಲ್ಲ.

"ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು."

"ಎಷ್ಟು ದಿನದಿಂದ?" ಆಸ್ಪತ್ರೆಯ ಕಿಟಕಿಯಲ್ಲಿ ಜ್ವರದ ವಿಷಯ ಕೇಳುವವರ ಹಾಗೆ ಕೇಳಿದಳು ಪೆರೆಸಿ.

"ಇಪ್ಪತ್ತೊಂದು ವರ್ಷ."

"ಅಯ್ಯೋ, ಡೋರಕಳದು ಬರೀ ಆರು." ಪೆರೆಸಿ ನಕ್ಕಳು, ಕೆಟ್ಟ ನಗುವಲ್ಲ. "ಹೋಗ್ಲಿ ಬಿಡು ಅಕ್ಕ. ಕರ್ತನು ನನ್ನನ್ನೂ ಕ್ಷಮಿಸಿದ್ದಾನೆ, ನಾನೂ ಕ್ಷಮಿಸಿದೀನಿ. ಅಂಬಲಿ ಕುಡೀತೀಯಾ? ಬೆಳಿಗ್ಗೆದು, ಹುಳಿ ಸರಿಯಾಗಿದೆ."

ಅಷ್ಟೇ. ಇಪ್ಪತ್ತೊಂದು ವರ್ಷ ಒಳಗೊಳಗೇ ಮೇವು ಹಾಕಿ ಸಾಕಿದ್ದು ಒಂದು ಲೋಟ ಅಂಬಲಿಗೆ ಮುಗಿದುಹೋಗಿತ್ತು. ಏಳು ಜನರ ಕೈಯಲ್ಲಿ ಸವೆದ ಮಾತನ್ನು ಪೆರೆಸಿ ಎಂಟನೆಯವಳಿಗೂ ಕೊಟ್ಟಿದ್ದಳು. ತನ್ನ ಪಾಪವೂ ಬುರುಡೆ ಒಡೆದದ್ದರಷ್ಟೇ ಸಣ್ಣದು, ಊರಿಗೆಲ್ಲ ಇರುವಂಥದ್ದು ಎಂಬ ಅವಮಾನದಲ್ಲಿ ಕೆಬಿರುಂಗಿಯ ಕಿವಿ ಬಿಸಿಯಾಯಿತು. ಒಳಗೆ ಬಂದು ಅಂಬಲಿಯ ಲೋಟ ಹಿಡಿದು ನಿಂತಿದ್ದವಳಿಗೆ ಎರಡು ವರ್ಷದ ಹಿಂದೆ ಇದೇ ಮನೆಯ ಅಂಗಳದಲ್ಲಿ, ಬಾಳೆಗಿಡಗಳ ಕೆಳಗೆ, ಹೊಸ ಮಣ್ಣಿನ ಗುಡ್ಡೆಯ ಮುಂದೆ ನಿಂತದ್ದು ಕಂಡಿತು. ಪೆರೆಸಿಯ ಹದಿನೇಳರ ಮಗ ಅಮೋನಿ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟಿದ್ದ. ನಾಲ್ಕನೆಯ ದಿನ ಪೆರೆಸಿ ಗುಂಡಿಯ ಅಂಚಿನಲ್ಲಿ ನಿಂತು, ಕೊಟ್ಟವನಿಗೆ ಸ್ತೋತ್ರ ಎಂದಳು. ಹಾಡು ಎದ್ದಿತು, ಮುನ್ನೂರು ಜನ ಹಾಡಿದರು, ಹಾಡು ಎದುರು ಗುಡ್ಡಕ್ಕೆ ಕೇಳಿಸಿತು. ಆಗ ಕೆಬಿರುಂಗಿಗೆ ಅನ್ನಿಸಿದ್ದನ್ನು ಅವಳು ದೇವರಿಗೂ ಹೇಳಿರಲಿಲ್ಲ. ಲೋಟವನ್ನು ಕೆಳಗಿಟ್ಟು, ಈಗ ಹೇಳಿದಳು.

"ಅಮೋನಿಯನ್ನ ಮಣ್ಣು ಮಾಡಿದ ದಿನ ನೀನು ಹಾಡಿದೆಯಲ್ಲ. ಆವತ್ತೂ ಹೊಟ್ಟೆಕಿಚ್ಚಾಯ್ತು ನನಗೆ. ದೇವರು ಇದನ್ನೂ ಇವಳಿಗೇ ಕೊಟ್ಟ ಅನ್ನಿಸ್ತು. ನನಗೆ ಹೀಗೇನಾದರೂ ಆಗಿದ್ರೆ ನನಗೂ ಅವನು ಕಾಣ್ತಿದ್ದನೇನೋ ಅಂತ... ಪಕ್ಕದಲ್ಲಿ ನಿಂತಿದ್ದ ನನ್ನ ಮಗನ್ನ ತಿರುಗಿ ನೋಡ್ದೆ."

ಬುರುಡೆಯ ಸದ್ದು ನಿಂತಿತ್ತು. ಪೆರೆಸಿ ಅದನ್ನು ತೊಡೆಯಿಂದ ಇಳಿಸಿ, ಉರುಳದ ಹಾಗೆ ಬಟ್ಟೆಯ ಸಿಂಬಿಯ ಮೇಲೆ ಕೂರಿಸಿದಳು.

"ಅಮೋನಿಯ ಗುಂಡಿ ಹತ್ರ ನಿಂತ್ಕೊಂಡು?"

"ಹ್ಞೂಂ."

"ಮನೆಗೆ ಹೋಗು ಅಕ್ಕ."

"ಕ್ಷಮಿಸಿದೆ ಅಂತ ಒಂದು ಮಾತು..."

"ಇಲ್ಲ. ಇವತ್ತು ನನ್ನ ಕೈಲಾಗಲ್ಲ. ಹೋಗು." ಕೆಬಿರುಂಗಿ ಹೊಸ್ತಿಲು ದಾಟಿದ ಮೇಲೆ ಹಿಂದಿನಿಂದ ಪೆರೆಸಿಯ ದನಿ ಬಂತು. "ನಿನ್ನ ಬಾಯಿಂದ ಬಂದ ಮಾತು ಕೇಳಿ ನಾನು ಯೇಸು ಹತ್ರ ಬಂದವಳು. ಅದನ್ನ ನೆನೆಸಿಕೊಂಡ್ರೆ ಇವತ್ತು ಅಸಹ್ಯ ಆಗ್ತಿದೆ."

"ನನ್ನ ಬಾಯಿಂದ?"

"ಮತ್ತೆ ಯಾರು ಅಂದ್ಕೊಂಡಿದ್ದೆ?"

"ಎಸ್ತೇರಿಯಮ್ಮ..."

"ಎಸ್ತೇರಿಯಮ್ಮ ಆವತ್ತು ಒಂದು ಗಂಟೆ ಮಾತಾಡಿದ್ರು. ನಾನು ಕಂಬಕ್ಕೆ ಒರಗಿ ನಿದ್ದೆ ಮಾಡಿದ್ದೆ. ಹೋಗು ಅಂದೆನಲ್ಲ."

ಬಾಳೆತೋಟದ ನಡುವೆ ಇಳಿಯುವಾಗ ಕೆಬಿರುಂಗಿ ಒಮ್ಮೆ ಗಟ್ಟಿಯಾಗಿ ನಕ್ಕುಬಿಟ್ಟಳು, ನಕ್ಕದ್ದಕ್ಕೆ ಹೆದರಿ ಸುತ್ತ ನೋಡಿದಳು. ಇಪ್ಪತ್ತೊಂದು ವರ್ಷ ತಾನು ಕರುಬಿದ ಆ ಹೆಸರಿಲ್ಲದ ತಾಯಿ ತಾನೇ ಎಂದರೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಹತ್ತು ಹೆಜ್ಜೆ ಹೋದ ಮೇಲೆ ಇನ್ನೊಂದು ಹೊಳೆದು ನಿಂತುಬಿಟ್ಟಳು. ಆ ದಿನ ತನಗೆ ಏನೂ ಆಗಿರಲಿಲ್ಲ. ತಾನು ಹೇಳಿದ್ದು ಸುಳ್ಳು. ಹಾಗಾದರೆ ಪೆರೆಸಿಯ ಚೂರಿ, ಪೆರೆಸಿಯ ಕಣ್ಣೀರು, ಮುನ್ನೂರು ಜನರ ಹಾಡು, ಎಲ್ಲ ನಿಂತಿರುವುದು ತನ್ನ ಸುಳ್ಳಿನ ಮೇಲೆ. ಆ ಒಂದು ಮಾತು ಸಾಕು. ಆ ದಿನ ನಾನು ಸುಳ್ಳು ಹೇಳಿದ್ದೆ ಕಣೇ ಎಂದರೆ ಪೆರೆಸಿಯ ಕಾಲ ಕೆಳಗಿನ ನೆಲವೇ ಕುಸಿದುಹೋಗುತ್ತದೆ. ಅವಳೂ ತಗಡಿಗೆ ಪ್ರಾರ್ಥಿಸಲಿ ಒಂದಿಷ್ಟು ದಿನ. ಇದನ್ನು ಯೋಚಿಸುವಾಗ ಬಾಯಿಯಲ್ಲಿ ನೀರೂರಿತೆಂಬುದನ್ನು ಅವಳಿಗೆ ತನ್ನಿಂದಲೇ ಮುಚ್ಚಿಡಲಾಗಲಿಲ್ಲ. ಬೇಲಿಯ ಹತ್ತಿರ ಇಟ್ಟ ಬುಟ್ಟಿಯನ್ನು ಎತ್ತಿಕೊಂಡು ಮನೆಗೆ ಬಂದಳು.

ಶನಿವಾರ, ಭಾನುವಾರ, ಸೋಮವಾರ ಆ ಮಾತನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ರಾಗಿ ಬೀಸಿದಳು, ಬಾಳೆಕಾಯಿ ಸುಲಿದಳು. ಹೇಳಲೇಬೇಕು ಎನ್ನಿಸುತ್ತಿತ್ತು, ಸುಳ್ಳು ತಾರೀಕನ್ನು ಬೆಳಕಿಗೆ ತರುವುದಕ್ಕಿಂತ ದೊಡ್ಡ ಪಶ್ಚಾತ್ತಾಪ ಯಾವುದಿದೆ? ಹೇಳಲೇಕೂಡದು ಎಂದೂ ಅನ್ನಿಸುತ್ತಿತ್ತು. ಅದು ಪಶ್ಚಾತ್ತಾಪದ ಉದ್ದಂಗಿ ತೊಟ್ಟ ಹೊಟ್ಟೆಕಿಚ್ಚಲ್ಲವೇ? ಎರಡನ್ನೂ ಬಿಡಿಸಿ ನೋಡಲು ಕೂತರೆ ನೂಲಿನ ಗಂಟು ಇನ್ನೂ ಬಿಗಿಯುತ್ತಿತ್ತು. ಭಾನುವಾರ ಆರಾಧನೆಯಲ್ಲಿ ಪೆರೆಸಿ ಎರಡು ಸಾಲು ಮುಂದೆ ಕುಳಿತಿದ್ದಳು. ಹಾಡುವಾಗ ಕೂದಲು ಬುಡಮಟ್ಟ ಕತ್ತರಿಸಿದ ಅವಳ ತಲೆ ಒಂದು ಕಡೆ ಓರೆಯಾಗಿತ್ತು. ಕೆಬಿರುಂಗಿ ಆ ಕತ್ತನ್ನೇ ನೋಡುತ್ತಿದ್ದಾಗ, ಇಷ್ಟು ವರ್ಷದ ಅನುಮಾನದಲ್ಲಿ ತಾನು ಪೆರೆಸಿಯನ್ನು ಮಾತ್ರ ಒಂದು ದಿನವೂ ಅನುಮಾನಿಸಿಲ್ಲವಲ್ಲ ಎಂಬುದು ಹೊಳೆಯಿತು. ಆ ಕಡೆ ಯಾರೂ ಇಲ್ಲ ಎಂದು ತೀರ್ಮಾನಿಸಿದ್ದ ಎರಡು ವರ್ಷದಲ್ಲೂ ಪೆರೆಸಿಯ ಮೇಲೆ ಹೊಟ್ಟೆ ಉರಿಯುವುದು ನಿಂತಿರಲಿಲ್ಲ. ಇಲ್ಲದ್ದಕ್ಕೆ ಯಾರಾದರೂ ಕರುಬುತ್ತಾರೆಯೇ? ಪಕ್ಕದ ಮನೆಯವಳಿಗೆ ಸಿಕ್ಕದ ಹಸುವಿಗಾಗಿ ಯಾವ ಹೆಂಗಸು ನಿದ್ದೆಗೆಡುತ್ತಾಳೆ? ದೇವರಿದ್ದಾನೆಂದು ತನ್ನ ಪ್ರಾರ್ಥನೆ ನಂಬಿರಲಿಲ್ಲ, ತನ್ನ ಹೊಟ್ಟೆಕಿಚ್ಚು ನಂಬಿತ್ತು. ಹಿಡಿದುಕೊಳ್ಳಲು ಬೇರೇನೂ ಇಲ್ಲದ ಕಾಲದಲ್ಲಿ ತಾನು ಹಿಡಿದುಕೊಂಡಿದ್ದದ್ದು ಆ ಗಲೀಜು ಹಗ್ಗವನ್ನೇ. ಇದು ತಿಳಿದು ಅವಳಿಗೆ ಸಮಾಧಾನವೇನೂ ಆಗಲಿಲ್ಲ, ನಾಚಿಕೆಯಾಯಿತು.

ಮಂಗಳವಾರದ ಕೂಟ ಯೊಕಾನರ ಮನೆಯಲ್ಲಿತ್ತು. ನೆಲಕ್ಕೆ ಹೊಸ ಹುಲ್ಲು ಹಾಸಿದ್ದರು. ಹತ್ತೊಂಬತ್ತು ಜನ ಗೋಡೆಗೆ ಒರಗಿ ಕುಳಿತಿದ್ದರು, ಪೆರೆಸಿ ಕಿಟಕಿಯ ಕೆಳಗೆ. ಆ ದಿನ ಪೆರೆಸಿ ಎದ್ದು ಎರಡೇ ಮಾತು ಹೇಳಿ ಕುಳಿತಳು. ಆದರೂ ಹಾಡು ತಾನಾಗಿ ಎದ್ದಿತು. ಆಮೇಲೆ ಕೆಬಿರುಂಗಿಯ ಸರದಿ ಬಂತು. ನಾನು ಕೆಬಿರುಂಗಿ ಎಂದಳು. ಯೇಸು ನನ್ನನ್ನು ಎಂದು ನಿಲ್ಲಿಸಿದಳು. ಪಶ್ಚಾತ್ತಾಪವೋ ಸೇಡೋ ಎಂಬುದು ಎದ್ದು ನಿಂತಾಗಲೂ ಬಗೆಹರಿದಿರಲಿಲ್ಲ, ಬಗೆಹರಿಯುವುದೂ ಇಲ್ಲವೆಂದು ಅನ್ನಿಸಿತು. ಹುಲ್ಲಿನ ವಾಸನೆಯಲ್ಲಿ ಅವಳಿಗೆ ನ್ಯಾಕಾಟೊ ನೆನಪಾದಳು. ಏಟು ಬೀಳುವಾಗ ಆ ಹುಡುಗಿ ಹಸಿಹುಲ್ಲಿನ ಹೊರೆಯನ್ನು ಕೈಬಿಟ್ಟಿರಲಿಲ್ಲ.

"ನನಗೆ ತಾರೀಕಿಲ್ಲ," ಎಂದಳು.

"ಮರೆತುಹೋಯ್ತಾ ತಾಯಿ?" ಯೊಕಾನ ಮುಂದಕ್ಕೆ ಬಾಗಿ ಕಿವಿಗೆ ಕೈ ಹಿಡಿದರು. "ಆಗಸ್ಟ್ ಒಂಬತ್ತಲ್ವಾ? ನನಗೇ ಬಾಯಿಪಾಠ ಆಗಿದೆ."

"ಮರೆತಿಲ್ಲ. ಇರಲೇ ಇಲ್ಲ. ಆವತ್ತು ನನಗೆ ಏನೂ ಆಗಿರಲಿಲ್ಲ. ಅತ್ತೆ ತೊಡೆ ಚಿವುಟಿದ್ರು, ಎದ್ದೆ. ಎಲ್ಲರೂ ಹೇಳಿದ್ದನ್ನೇ ಹೇಳ್ದೆ."

"ಚಿವುಟಿದ್ದು ಹೌದು," ಎಂದರು ಮೂಲೆಯಿಂದ ಅತ್ತೆ. ಯಾರೋ ನಗಲು ಹೋಗಿ ಕೆಮ್ಮಿದರು.

"ಬುರುಡೆ ಒಡೆದದ್ದು ನಾನು, ಅದು ನಿಜ. ಆವತ್ತು ಹೇಳಿದ್ದರಲ್ಲಿ ಅದೊಂದೇ ನಿಜ. ಪೆರೆಸಿ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವಳ ಮಗನ್ನ ಮಣ್ಣು ಮಾಡಿದಾಗಲೂ ಇತ್ತು. ಈಗಲೂ ಇದೆ."

ಎಲ್ಲರೂ ಕಾದರು. ಈಗಲೂ ಇದೆ ಎಂದಮೇಲೆ ಆದರೆ ಎಂದು ಬರಬೇಕು. ಆದರೆ ಕರ್ತನು ಇಂದು ನನ್ನನ್ನು ಬಿಡಿಸಿದ್ದಾನೆ ಎಂದ ಮೇಲೆ ಹಾಡು. ಆ ಮಾತು ಗಂಟಲವರೆಗೆ ಸಿದ್ಧವಾಗಿ ಬಂದಿತ್ತು, ಇಪ್ಪತ್ತೊಂದು ವರ್ಷದ ಅಭ್ಯಾಸ. ಕೆಬಿರುಂಗಿ ಅದನ್ನು ನುಂಗಿ ಕುಳಿತುಬಿಟ್ಟಳು. ಹಾಡು ಬರಲಿಲ್ಲ. ಯೊಕಾನ ಗಂಟಲು ಸರಿಮಾಡಿಕೊಂಡು, ಏನನ್ನು ಎತ್ತಿಕೊಡಬೇಕೆಂದು ತೋಚದೆ ಸುಮ್ಮನಾದರು. ಹೊರಗೆ ಕೋಳಿಯೊಂದು ಮೊಟ್ಟೆಯಿಟ್ಟು ಊರಿಗೆಲ್ಲ ಸಾರುತ್ತಿತ್ತು. ಹುಲ್ಲಿನ ಒಂದು ಎಸಳನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೆಬಿರುಂಗಿ ಮನಸ್ಸಿನಲ್ಲೇ, ಇಷ್ಟೇ ಇರೋದು, ನೀನಿದ್ರೆ ತಗೋ, ಎಂದಳು. ಸೂರಿನ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುವ ಧೈರ್ಯವೂ ಆಗಲಿಲ್ಲ.

ಮನೆಗೆ ಬರುವಾಗ ಅತ್ತೆ ಅವಳ ಭುಜ ಹಿಡಿದು ಇಳಿಜಾರನ್ನು ನಿಧಾನವಾಗಿ ಇಳಿದರು. ಅರ್ಧ ದಾರಿಯಲ್ಲಿ ನಿಂತು, "ನೀನು ಒಡೆದೆ, ಹೊಡೆದದ್ದು ನನ್ನ ಕೈ. ನ್ಯಾಕಾಟೊ ಬಾಗಿಲಿಗೆ ನಾನೂ ಹೋಗ್ಲಿಲ್ಲ," ಎಂದರು. ನ್ಯಾಕಾಟೊ ಈಗ ಎಲ್ಲಿದ್ದಾಳೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಮುದುಕಿ ಕಾಲುನೋವಿನ ಮಾತು ತೆಗೆದರು.

ಬುಧವಾರ ಬೆಳಿಗ್ಗೆ ಕೆಬಿರುಂಗಿ ಹಾಲಿನ ಪಾತ್ರೆಗಳನ್ನು ತೊಳೆದು ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. "ಏನೇ," ಎಂದರು ಅತ್ತೆ, ಕಣ್ಣಿಗೆ ಅಂಗೈ ಅಡ್ಡ ಹಿಡಿದು, "ಗುಡ್ಡದಿಂದ ಯಾರೋ ಇಳೀತಿದ್ದಾರೆ. ಕೈಯಲ್ಲಿ ಏನಾದರೂ ಇದೆಯಾ ನೋಡು." ಏನೂ ಇರಲಿಲ್ಲ. ಭಾನುವಾರದ ಅಂಗಿಯಲ್ಲಿ ಪೆರೆಸಿ ಸರಸರನೆ ಬಂದು ಅಂಗಳದ ನಡುವೆ ನಿಂತಳು. ಏಳೆಂಟು ಜನರನ್ನು ಬಾಗಿಲಲ್ಲಿ ಕಂಡು ಕ್ಷಮಿಸಿದ್ದವಳಿಗೆ ಬಾಗಿಲಿನ ಹೊರಗೆ ನಿಲ್ಲುವುದು ಹೇಗೆಂದು ತಿಳಿದಂತಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಗೊತ್ತಾಗದೆ ಬೆನ್ನ ಹಿಂದೆ ಕಟ್ಟಿಕೊಂಡಳು. ಮುಖದಲ್ಲಿ ಸಿಟ್ಟಿತ್ತು.

"ಅಮೋನಿ ವಿಷಯ ಕ್ಷಮಿಸೋಕೆ ಬಂದಿಲ್ಲ ನಾನು," ಎಂದಳು. "ಅದು ಇನ್ನೂ ಇಲ್ಲೇ ಇದೆ. ಯಾವಾಗ ಹೋಗುತ್ತೋ ಗೊತ್ತಿಲ್ಲ."

"ಸರಿ."

"ನೆನ್ನೆ ನಿನ್ನ ತಾರೀಕು ಸುಳ್ಳು ಅಂದೆಯಲ್ಲ, ನನ್ನ ಎದೆ ಧಸಕ್ ಅಂತು. ಮುಗೀತು, ನನ್ನದೂ ಹೋಯ್ತು ಅಂದ್ಕೊಂಡೆ. ಆಮೇಲೆ ಕೂತು ನೆನಪು ಮಾಡ್ಕೊಂಡೆ. ತಾರೀಕು ಆವತ್ತು ಎಲ್ಲರೂ ಹೇಳಿದ್ರು ಅಕ್ಕ. ನನ್ನೊಳಗೆ ಹೋದದ್ದು ಬುರುಡೆ ಮಾತು. ಇಡೀ ಡೇರೆ ನಗ್ತಿತ್ತು, ನೀನೊಬ್ಬಳು ನಗಲಿಲ್ಲ. ಇವಳು ಒಂದು ಬುರುಡೆಗೆ ಇಷ್ಟು ನಾಚಿಕೆ ಪಟ್ರೆ ನಾನು ತಂಗಿಗೆ ಮಾಡಿದ್ದಕ್ಕೆ ಎಲ್ಲಿ ಮುಖ ಇಟ್ಕೊಳ್ಳಲಿ ಅನ್ನಿಸ್ತು. ಅಷ್ಟೇ ಆದದ್ದು."

ಕೆಬಿರುಂಗಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡಳು. ತಾನು ನಾಚಿ ಬಿಟ್ಟುಬಿಟ್ಟಿದ್ದನ್ನು ಪೆರೆಸಿ ಇಪ್ಪತ್ತೊಂದು ವರ್ಷ ಜೋಪಾನ ಮಾಡಿದ್ದಳು.

"ಬಂದದ್ದು ಅದಕ್ಕೂ ಅಲ್ಲ," ಎಂದಳು ಪೆರೆಸಿ. "ನೆನ್ನೆ ನೀನು ಹಾಡಿಲ್ಲದೆ ಕೂತೆ. ಯಾರೂ ಹಾಡ್ಲಿಲ್ಲ, ಆದರೂ ಕೂತೇ ಇದ್ದೆ. ನನ್ನನ್ನು ಒಂದು ದಿನವೂ ಹಾಗೆ ಕೂರೋಕೆ ಬಿಟ್ಟಿಲ್ಲ. ಬಾಯಿ ಮುಚ್ಚೋದರೊಳಗೆ ಹಾಡಿಬಿಡ್ತಾರೆ. ಅಮೋನಿ ಗುಂಡಿ ಹತ್ರ ಸ್ತೋತ್ರ ಅಂದೆ, ನಿಜವಾಗಿಯೇ ಅಂದೆ. ಆದರೆ ಅದರ ಹಿಂದೇನೇ ಇನ್ನೊಂದು ಮಾತಿತ್ತು. ಯಾಕಪ್ಪಾ ಅಂತ ಕೇಳಬೇಕಿತ್ತು. ಅಷ್ಟರಲ್ಲಿ ಮುನ್ನೂರು ಜನ ಶುರುಮಾಡಿದ್ರು, ನಾನೂ ಹಾಡ್ದೆ. ಕೇಳೋದು ಹಾಗೇ ಉಳೀತು. ನೆನ್ನೆ ನಿನ್ನನ್ನ ನೋಡಿ..." ತುಟಿ ಬಿಗಿಹಿಡಿದಳು. "ನಿನ್ನನ್ನ ನೋಡಿ ಹೊಟ್ಟೆ ಉರೀತು. ಇಷ್ಟ ಇಲ್ಲ ನನಗೆ ಹೀಗೆ ಬಂದು ನಿಲ್ಲೋದು. ಬೆಳಕಿಗೆ ತಂದಿದೀನಿ. ಕ್ಷಮಿಸು."

ಕೆಬಿರುಂಗಿಗೆ ಎದೆಯೊಳಗೆ ಏನೋ ಉಕ್ಕಿ ಬಂತು. ಅದು ಕರುಣೆಯಲ್ಲ. ಶುದ್ಧ ಸಂತೋಷ, ಹಬ್ಬದ ದಿನ ದೊಡ್ಡ ಮಾಂಸದ ತುಂಡು ತನ್ನ ತಟ್ಟೆಗೇ ಬಿದ್ದಾಗ ಮಕ್ಕಳಿಗೆ ಆಗುವಂಥದ್ದು. ತನ್ನ ಬಾಗಿಲಿಗೆ ಒಬ್ಬಳು ಬಂದಿದ್ದಳು, ಬಂದವಳು ಪೆರೆಸಿ. ಈ ಸಂತೋಷ ಪಾಪವೆಂದು ಅವಳಿಗೆ ಗೊತ್ತಿತ್ತು, ಮುಂದಿನ ಮಂಗಳವಾರ ಇದನ್ನೂ ಬೆಳಕಿಗೆ ತರಬೇಕಾಗುತ್ತದೆಂದೂ ಗೊತ್ತಿತ್ತು. ಅದಕ್ಕೇ, ಹೇಗೂ ತರಬೇಕಲ್ಲ ಎಂದು, ಪೆರೆಸಿಯನ್ನು ಬಿಸಿಲಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿದಳು. ಒಂದು ಪಾತ್ರೆಯನ್ನು ಎತ್ತಿ, ಸರಿಯಾಗಿದ್ದ ಅದನ್ನು ಸರಿಮಾಡಿ ಇಟ್ಟಳು.

"ಎಷ್ಟು ದಿನದಿಂದ?" ಎಂದು ಕೇಳಿದಳು.

ಪೆರೆಸಿ ಅವಳ ಮುಖ ನೋಡಿದಳು. ಅವಳ ತುಟಿಯ ತುದಿ ಅಲುಗಿತು. "ನೆನ್ನೆ ಮಧ್ಯಾಹ್ನದಿಂದ."

"ಅಷ್ಟೇನಾ?"

"ಆ ಹುಡುಗೀನ ಒಳಗೆ ಕರೀಬಾರದೇನೇ, ಬಿಸಿಲಲ್ಲಿ ಒಣಗಿಸ್ತಿದ್ದೀಯಲ್ಲ!" ಎಂದರು ಅತ್ತೆ.

ಕ್ಷಮಿಸುವುದಕ್ಕೂ ಒಂದು ಕ್ರಮವಿತ್ತು. ಕರ್ತನು ನನ್ನನ್ನೂ ಕ್ಷಮಿಸಿದ್ದಾನೆ ಎಂದು ಮೊದಲು ಹೇಳಿ ಆಮೇಲೆ ನಾನೂ ಕ್ಷಮಿಸಿದ್ದೇನೆ ಎನ್ನಬೇಕು. ಇದನ್ನು ಹೇಳುವ ಸಂದರ್ಭ ಕೆಬಿರುಂಗಿಗೆ ಈವರೆಗೆ ಬಂದಿರಲಿಲ್ಲ. "ಕರ್ತನು ನನ್ನನ್ನೂ ಕ್ಷಮಿಸಿದ್ದಾನೆ," ಎಂದಳು. ಹೇಳಿ ಮುಗಿದ ಮೇಲೆ, ಇದು ನಿಜವೋ ಸುಳ್ಳೋ ಎಂದು ತಾನು ತಿರುಗಿ ನೋಡಲಿಲ್ಲವೆಂಬುದು ಗಮನಕ್ಕೆ ಬಂದು ಒಂದು ಕ್ಷಣ ತಡವರಿಸಿದಳು. ಆಮೇಲೆ ಉಳಿದ ಅರ್ಧವನ್ನೂ ಹೇಳಿದಳು. ಹೋರಿ ಹುಡುಕಿಕೊಂಡು ಬಂದವಳಿಗೆ ಹಾಕಿದ್ದ ಅದೇ ಮಣೆಯನ್ನು ಗೋಡೆಯ ನೆರಳಿಗೆ ಎಳೆದು, "ಕೂತ್ಕೋ. ನಮ್ಮ ಅಂಬಲಿಗೆ ಇನ್ನೂ ಹುಳಿ ಬಂದಿಲ್ಲ, ನಿನ್ನದರ ಹಾಗಿರಲ್ಲ," ಎಂದಳು. ಪೆರೆಸಿ ಕುಳಿತಳು. ಕುಳಿತವಳು ಮೊದಲು ಸದ್ದಿಲ್ಲದೆ, ಆಮೇಲೆ ಸದ್ದು ಮಾಡಿ ಅಳತೊಡಗಿದಳು. ಯಾರೂ ಹಾಡಲಿಲ್ಲ. ಅತ್ತೆ ಕಾಲನ್ನು ನೆರಳಿಗೆ ಎಳೆದುಕೊಂಡರು. ಕೆಬಿರುಂಗಿ ಎರಡು ಲೋಟಕ್ಕೆ ಅಂಬಲಿ ಬಗ್ಗಿಸಿ, ಒಂದನ್ನು ಪೆರೆಸಿಯ ಪಕ್ಕದಲ್ಲಿಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು. ಆ ದಿನ ತಾರೀಕು ಎಷ್ಟೆಂದು ಅವಳಿಗೆ ಹೊಳೆಯಲೂ ಇಲ್ಲ.